ಸ್ವಾಮಿನಿಷ್ಠ ಸೇನಾನಿ ಸಂಗೊಳ್ಳಿ ರಾಯಣ್ಣ

ಹಿಂದೂಪುರದಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬಂದವರು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ಟಿಕೇಟಿನ ಮೇಲೆ ಊರಿನ ಹೆಸರಿಗೆ ಮುಂಚೆ ಕೆ. ಎಸ್. ಆರ್. ಎಂಬ ಮೂರು ಅಕ್ಷರಗಳು ಇರುವುದನ್ನು ಅವರು ನೋಡಿಯೇ ಇರುತ್ತಾರೆ. ಇವುಗಳ ಅರ್ಥವೇನೆಂದು ನಾವು ತರಗತಿಯಲ್ಲಿ ಕೇಳಿದಾಗ, ಅದು ಬಸ್ಸಿನ ಸಂಸ್ಥೆಗೆ ಸೇರಿದ್ದೆಂದು ಹೇಳಿದವರೇ ಹೆಚ್ಚು. ಅದು ಒಬ್ಬ ಮನುಷ್ಯನ ಹೆಸರು. ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ ಎಂಬುದರ ಮೊದಲಕ್ಷರಗಳು. ಸುಮಾರು ಹತ್ತು ವರ್ಷಗಳ ಹಿಂದೆ ಬೆಂಗಳೂರಿನ ಮುಖ್ಯ ರೈಲು ನಿಲ್ದಾಣಕ್ಕೆ ಈ ಹೆಸರನ್ನು ಇಟ್ಟರು. ಹೆಸರನ್ನು ಚಿಕ್ಕದು ಮಾಡಿದುದರಿಂದ ಮನುಷ್ಯನೇ ಮರೆಯಾಗಿಬಿಟ್ಟಿದ್ದಾನೆ. ಆದ್ದರಿಂದ ಈ ವರ್ಷದ ಸಂಚಿಕೆಯಲ್ಲಿ ಆತನ ಜೀವನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದು ಬಯಸಿದ್ದೇವೆ.

ರಾಯಣ್ಣನು ರಾಜನಲ್ಲ, ರಾಜವಂಶದವನೂ ಅಲ್ಲ. ಆತನು ಒಂದು ಹಳ್ಳಿಯ ಕಾವಲುಗಾರನು. ಸೋತುಹೋದ ಸಂಸ್ಥಾನವೊಂದರ ದತ್ತುಪುತ್ರನನ್ನು ಮತ್ತೆ ಗದ್ದುಗೆಯ ಮೇಲೆ ಕೂರಿಸಬೇಕೆಂದು ಹೋರಾಡಿ, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ನೇಣುಗಂಬವನ್ನು ಏರಿದನು. ಅರಸರು ಅರಸೊತ್ತಿಗೆಗಾಗಿ ಕಾದಾಡುವುದು ನಮಗೆ ಆಶ್ಚರ್ಯದ ವಿಷಯವಲ್ಲ. ಅರಸನೇ ಇಲ್ಲದಿದ್ದಾಗ, ಕೋಟೆಯೂ ಬಿದ್ದುಹೋಗಿದ್ದಾಗ, ಬೊಕ್ಕಸದಲ್ಲಿ ಬಿಡಿಗಾಸೂ ಉಳಿಯದಿದ್ದಾಗ ಒಬ್ಬ ಕಾವಲುಗಾರನು ಏಕೆ ಕತ್ತಿ ಹಿಡಿದನೆಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕುವಾಗ ನಮ್ಮ ಹಿಂದೂಪುರ ಕಲ್ಯಾಣದುರ್ಗಗಳ ಹೊಲಗದ್ದೆಗಳ ಕಥೆಯೂ ಅದರೊಳಗೆ ಬರುತ್ತದೆ.

ಧಾರವಾಡದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಕಿತ್ತೂರು ಸಿಗುತ್ತದೆ. ಇಂದು ಅದೊಂದು ತಾಲ್ಲೂಕು ಕೇಂದ್ರ. ಇನ್ನೂರು ವರ್ಷಗಳ ಹಿಂದೆ ಅದು ದೇಸಾಯಿ ಮನೆತನದ ರಾಜಧಾನಿಯಾಗಿತ್ತು. ಸಂಸ್ಥಾನ ದೊಡ್ಡದಲ್ಲ, ಆದರೆ ಒಂದು ಕಡೆ ಸಹ್ಯಾದ್ರಿಯ ದಟ್ಟ ಕಾಡು, ಇನ್ನೊಂದು ಕಡೆ ಜೋಳ ಹತ್ತಿ ಬೆಳೆಯುವ ಎರೆಭೂಮಿ, ಎರಡೂ ಅದಕ್ಕೆ ಸೇರಿದ್ದವು. ೧೭೮೨ರಿಂದ ೧೮೧೬ರವರೆಗೆ ಮಲ್ಲಸರ್ಜನೆಂಬ ದೇಸಾಯಿಯು ಇಲ್ಲಿ ಆಳಿದನು. ಆತನು ಟಿಪ್ಪೂ ಸುಲ್ತಾನನ ಸೆರೆಯನ್ನೂ ಕಂಡನು, ಪುಣೆಯ ಪೇಶ್ವೆಯ ಸೆರೆಯನ್ನೂ ಕಂಡನು. ಕೊನೆಗೆ ಪುಣೆಯಿಂದ ಬಿಡುಗಡೆ ಹೊಂದಿ ಬರುವಾಗ ಕಾಯಿಲೆಯಿಂದ ತೀರಿಕೊಂಡನು. ದೊಡ್ಡ ಶಕ್ತಿಗಳ ನಡುವೆ ಸಿಕ್ಕಿದ ಸಣ್ಣ ಸಂಸ್ಥಾನಗಳ ಪಾಡು ಆಗ ಹೀಗೆಯೇ ಇತ್ತು. ಮಲ್ಲಸರ್ಜನ ಹಿರಿಯ ಹೆಂಡತಿ ರುದ್ರಮ್ಮ. ಕಿರಿಯಳು ಕಾಕತಿಯ ಚೆನ್ನಮ್ಮ. ಈ ಚೆನ್ನಮ್ಮನೇ ನಾವೆಲ್ಲರೂ ಪಾಠದಲ್ಲಿ ಓದುವ ಕಿತ್ತೂರು ರಾಣಿ.

ರಾಯಣ್ಣನ ಊರು ಸಂಗೊಳ್ಳಿ, ಇಂದಿನ ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನದು. ತಂದೆ ಭರಮಪ್ಪ, ತಾಯಿ ಕೆಂಚವ್ವ. ಕುರುಬ ಮನೆತನ. ೧೭೯೮ನೆಯ ಇಸವಿ ಆಗಸ್ಟ್ ೧೫ರಂದು ಆತನು ಜನಿಸಿದನೆಂದು ಆ ನಾಡಿನವರು ಹೇಳುತ್ತಾರೆ. ಮನೆಯ ಹಿರಿಯರು ಕಿತ್ತೂರಿನ ಸೇವೆಯಲ್ಲಿದ್ದವರು. ಹುಡುಗನು ಗರಡಿಮನೆಯಲ್ಲಿ ಬೆಳೆದನು. ಆತನು ಎತ್ತುತ್ತಿದ್ದ ಮರದ ಭಾರವೊಂದನ್ನು ಸಂಗೊಳ್ಳಿಯ ಗುಡಿಯಲ್ಲಿ ಈಗಲೂ ಇಟ್ಟಿದ್ದಾರೆ.

ಆತನ ಉದ್ಯೋಗದ ಹೆಸರನ್ನು ಇಲ್ಲಿ ವಿವರಿಸಲೇಬೇಕು. ಕುಂಪಣಿಯ ಕಾಗದಪತ್ರಗಳಲ್ಲಿ ಆತನನ್ನು ಸಂಗೊಳ್ಳಿಯ ಶೇತಸನದಿ ರಾಯಪ್ಪ ಎಂದು ಬರೆದಿದ್ದಾರೆ. ಊರಿನವರು ವಾಲಿಕಾರ ಎನ್ನುತ್ತಿದ್ದರು. ಶೇತ ಎಂದರೆ ಹೊಲ, ಸನದು ಎಂದರೆ ಸರಕಾರದ ಪತ್ರ. ಊರನ್ನು ಕಾಯುವುದು, ಕಳ್ಳಕಾಕರನ್ನು ಹಿಡಿಯುವುದು, ಸರಕಾರದ ಹಣವನ್ನು ಜೋಪಾನವಾಗಿ ಮುಟ್ಟಿಸುವುದು, ಯುದ್ಧ ಬಂದರೆ ಆಯುಧ ಹಿಡಿದು ಅರಸನ ಬಳಿ ಹಾಜರಾಗುವುದು ಇವರ ಕೆಲಸ. ಇದಕ್ಕೆ ತಿಂಗಳ ಸಂಬಳವಿರಲಿಲ್ಲ. ಕಂದಾಯವಿಲ್ಲದ ಇಲ್ಲವೇ ಅಲ್ಪ ಕಂದಾಯದ ಒಂದು ತುಂಡು ಹೊಲವೇ ಸಂಬಳ. ಆ ಹೊಲವನ್ನು ಉಂಡು, ಆ ಋಣಕ್ಕೆ ಕಾಯುತ್ತಿದ್ದರು. ನಮ್ಮ ಕಡೆಯಲ್ಲಿ ತಳವಾರರು, ಕಟ್ಟುಬಡಿಗಳು ಎಂದು ಕರೆಯುತ್ತಿದ್ದವರೂ ಇಂಥವರೇ. ಕಲ್ಯಾಣದುರ್ಗದ ಆಸುಪಾಸಿನ ಹಳ್ಳಿಗಳಲ್ಲಿ ತಳವಾರ ಮಾನ್ಯ ಎಂಬ ಮಾತನ್ನು ಹಿರಿಯರ ಬಾಯಿಂದ ನಮ್ಮ ಮಕ್ಕಳು ಕೇಳಿರಬಹುದು. ಹೊಲ ಮತ್ತು ಅರಸ, ಎರಡೂ ಒಂದೇ ಗಂಟಿನ ಎರಡು ತುದಿಗಳು. ಅರಸ ಹೋದರೆ ಹೊಲವೂ ಹೋಯಿತು. ಈ ಒಂದು ಸಂಗತಿಯನ್ನು ತಿಳಿದುಕೊಂಡರೆ ರಾಯಣ್ಣನ ಕಥೆಯ ಅರ್ಧ ತಿಳಿದಂತೆ.

ಇಲ್ಲಿ ನಮ್ಮ ಜಿಲ್ಲೆಯ ಮಾತನ್ನು ತೆಗೆಯುವುದು ಅವಶ್ಯಕ. ಹಿಂದೂಪುರ, ಮಡಕಶಿರ, ಪೆನುಕೊಂಡ, ಕಲ್ಯಾಣದುರ್ಗ, ರಾಯದುರ್ಗ ಇವೆಲ್ಲವೂ ಶ್ರೀರಂಗಪಟ್ಟಣದ ಪತನದ ನಂತರ ಹೈದರಾಬಾದಿನ ನಿಜಾಮನ ಕೈಯಲ್ಲಿದ್ದವು. ೧೮೦೦ರಲ್ಲಿ ನಿಜಾಮನು ಇವನ್ನು ಬಳ್ಳಾರಿ ಕಡಪೆಗಳೊಂದಿಗೆ ಕುಂಪಣಿಗೆ ಬಿಟ್ಟುಕೊಟ್ಟನು. ದತ್ತಮಂಡಲ ಎಂಬ ಹೆಸರು ಬಂದುದು ಹೀಗೆ. ಕುಂಪಣಿಯು ಇಲ್ಲಿಗೆ ಕಳುಹಿಸಿದ ಮುಖ್ಯ ಕಲೆಕ್ಟರನೇ ಥಾಮಸ್ ಮನ್ರೋ. ಆತನು ಬಂದಾಗ ಈ ಸೀಮೆಯಲ್ಲಿ ಸುಮಾರು ಎಂಬತ್ತು ಪಾಳೆಯಗಾರರಿದ್ದರು. ೧೮೦೭ರಲ್ಲಿ ಆತನು ಹೊರಡುವಷ್ಟರಲ್ಲಿ ಅವರ ಬಲವೆಲ್ಲ ಮುರಿದಿತ್ತು. ಕೆಲವರಿಗೆ ಪಿಂಚಣಿ, ಕೆಲವರಿಗೆ ಸೆರೆ. ಹೊಲಗಳನ್ನು ಅಳೆದು, ಒಬ್ಬೊಬ್ಬ ರೈತನ ಹೆಸರಿಗೂ ಕಂದಾಯ ಕಟ್ಟಿದರು. ಪಾಳೆಯಗಾರರ ಕಾಟದಿಂದ ಬೇಸತ್ತಿದ್ದ ರೈತರು ಮನ್ರೋವನ್ನು ಮೆಚ್ಚಿಕೊಂಡರು. ರಾಯಲಸೀಮೆಯಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಉಂಟು. ಅದನ್ನು ನಾವು ಹಳಿಯುವುದಿಲ್ಲ. ರೈತನಿಗೆ ತನ್ನ ಕಷ್ಟ ಸುಖ ಗೊತ್ತು. ಆದರೆ ಅಳತೆಯ ಸರಪಳಿ ಬಂದ ಮೇಲೆ ಕಾವಲಿನವನ ಮಾನ್ಯದ ಹೊಲಕ್ಕೆ ಬೆಲೆ ಇಲ್ಲದಂತಾಯಿತು. ಕುಂಪಣಿಗೆ ಅದರ ಸ್ವಂತ ಪೊಲೀಸರಿದ್ದಾರೆ, ಸ್ವಂತ ಸಿಪಾಯಿಗಳಿದ್ದಾರೆ. ಹಳ್ಳಿಯ ಕಾವಲಿನವನೇಕೆ?

ಇದೇ ಮನ್ರೋ ೧೮೧೭ ಮತ್ತು ೧೮೧೮ರಲ್ಲಿ ಪೇಶ್ವೆಯ ಮೇಲಿನ ಯುದ್ಧದ ಸಮಯದಲ್ಲಿ ಧಾರವಾಡ ಬೆಳಗಾವಿ ಸೀಮೆಗೆ ದಂಡನ್ನು ತೆಗೆದುಕೊಂಡು ಹೋದನು. ಪೇಶ್ವೆಯಿಂದ ನೊಂದಿದ್ದ ಕಿತ್ತೂರಿನವರು ಆಗ ಕುಂಪಣಿಗೇ ಸಹಾಯ ಮಾಡಿದರು. ಅದಕ್ಕೆ ಪ್ರತಿಯಾಗಿ ವರ್ಷ ವರ್ಷ ಪೊಗದಿ ಕಟ್ಟಿಕೊಂಡು ಸಂಸ್ಥಾನವನ್ನು ಉಳಿಸಿಕೊಳ್ಳಲು ಅಪ್ಪಣೆಯಾಯಿತು. ಹುಲಿಯನ್ನು ಓಡಿಸಲು ಇನ್ನೊಂದು ಹುಲಿಯನ್ನು ಕರೆದಂತಾಯಿತೆಂದು ಇಂದು ನಾವು ಹೇಳಬಹುದು. ಅಂದು ಅವರಿಗೆ ಬೇರೆ ದಾರಿ ಎಲ್ಲಿತ್ತು?

ಮಲ್ಲಸರ್ಜನ ನಂತರ ಪಟ್ಟಕ್ಕೆ ಬಂದ ಮಗ ಶಿವಲಿಂಗರುದ್ರಸರ್ಜನು ರೋಗಿಷ್ಠನು. ಆತನಿಗೆ ಮಕ್ಕಳಿರಲಿಲ್ಲ. ೧೮೨೪ರ ಸೆಪ್ಟೆಂಬರಿನಲ್ಲಿ ಸಾಯುವ ಮುನ್ನ ಮಾಸ್ತಮರಡಿಯ ಗೌಡರ ಮಗನಾದ ಶಿವಲಿಂಗಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡನು. ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಈ ದತ್ತಕವನ್ನು ಒಪ್ಪಲಿಲ್ಲ. ಪತ್ರವೇ ಸುಳ್ಳಿರಬಹುದೆಂದು ಸಂಶಯಪಟ್ಟು, ಕಿತ್ತೂರಿನ ಬೊಕ್ಕಸಕ್ಕೆ ಮುದ್ರೆ ಒತ್ತಿ ತನ್ನ ಕಾವಲನ್ನು ಹಾಕಿದನು. ಡಾಲ್‌ಹೌಸಿಯು ದತ್ತುಪುತ್ರರಿಗೆ ಹಕ್ಕಿಲ್ಲವೆಂದು ಝಾನ್ಸಿ ಮುಂತಾದ ರಾಜ್ಯಗಳನ್ನು ನುಂಗಿದ ಕಥೆಯನ್ನು ಒಂಬತ್ತು ಹತ್ತನೆಯ ತರಗತಿಯವರು ಓದಿದ್ದಾರೆ. ಕಿತ್ತೂರಿನಲ್ಲಿ ಅದು ನಡೆದುದು ಡಾಲ್‌ಹೌಸಿ ಭಾರತಕ್ಕೆ ಕಾಲಿಡುವುದಕ್ಕಿಂತ ಸುಮಾರು ಕಾಲು ಶತಮಾನ ಮುಂಚೆ.

ಅಕ್ಟೋಬರ್ ೨೩ರಂದು ಥ್ಯಾಕರೆಯು ಫಿರಂಗಿಗಳೊಂದಿಗೆ ಕೋಟೆಯ ಬಾಗಿಲಿಗೆ ಬಂದು ನಿಂತನು. ಬಾಗಿಲು ತೆರೆಯಿತು. ಆದರೆ ಹೊರಗೆ ಬಂದುದು ಶರಣಾಗತರಲ್ಲ, ಕಿತ್ತೂರಿನ ದಂಡು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಬಲಿಯಾದನು. ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಅಧಿಕಾರಿಗಳೂ ಸತ್ತರು. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಸೆರೆಸಿಕ್ಕರು. ರಾಣಿಯು ಅವರಿಗೆ ಯಾವ ಅಪಾಯವನ್ನೂ ಮಾಡಿಸಲಿಲ್ಲ. ಒಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹೀಗೆ ಜೀವ ಉಳಿಸಿಕೊಂಡ ತರುಣ ವಾಲ್ಟರ್ ಎಲಿಯಟನು ಮುಂದೆ ದೊಡ್ಡ ವಿದ್ವಾಂಸನಾದನು. ಕನ್ನಡ ನಾಡಿನ ನೂರಾರು ಶಿಲಾಶಾಸನಗಳನ್ನು ಪ್ರತಿ ಮಾಡಿಸಿ ಸಂಗ್ರಹಿಸಿದನು. ಚಾಲುಕ್ಯರ ಇತಿಹಾಸವನ್ನು ಮೊದಮೊದಲು ಬರೆದವರಲ್ಲಿ ಆತನೂ ಒಬ್ಬ. ಕಿತ್ತೂರಿನ ಔದಾರ್ಯದಿಂದ ಕನ್ನಡಕ್ಕೆ ಒಂದು ಲಾಭವಾಯಿತು.

ರಾಯಣ್ಣನಿಗೆ ಆಗ ಇಪ್ಪತ್ತಾರು ವರ್ಷ. ಈ ಯುದ್ಧದಲ್ಲಿ ಆತನು ಕಿತ್ತೂರಿನ ಪರವಾಗಿ ಕಾದಾಡಿದನು. ಗುರುಸಿದ್ದಪ್ಪನಂಥ ಹಿರಿಯ ಸರದಾರರ ನಡುವೆ ಆತನಿನ್ನೂ ಒಬ್ಬ ಕಿರಿಯ ಯೋಧನು. ಕುಂಪಣಿಯವರು ಸುಮ್ಮನಿರಲಿಲ್ಲ. ಪುಣೆಯ ಕಮಿಷನರ್ ಚಾಪ್ಲಿನ್ನನು ನಾನಾ ಕಡೆಗಳಿಂದ ದಂಡುಗಳನ್ನು ತರಿಸಿದನು. ಸಂಧಾನದ ಆಸೆಯಿಂದ ಕಿತ್ತೂರಿನವರು ಡಿಸೆಂಬರ್ ೨ರಂದು ಸೆರೆಯಾಳುಗಳನ್ನು ಬಿಟ್ಟುಬಿಟ್ಟರು. ಮರುದಿನದಿಂದಲೇ ಕೋಟೆಯ ಮೇಲೆ ಗುಂಡಿನ ಮಳೆ ಆರಂಭವಾಯಿತು. ಮದ್ದಿನಲ್ಲಿ ಸೆಗಣಿ, ಜೋಳ ಬೆರೆಸಿದ ದ್ರೋಹದ ಕಥೆಯನ್ನು ಲಾವಣಿಕಾರರು ಇಂದಿಗೂ ಹಾಡುತ್ತಾರೆ. ಡಿಸೆಂಬರ್ ೫ರಂದು ಕೋಟೆ ಬಿದ್ದಿತು. ಚೆನ್ನಮ್ಮ ಮತ್ತು ಸೊಸೆಯಂದಿರನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. ಸಂಸ್ಥಾನವು ಕುಂಪಣಿಯ ಸ್ವತ್ತಾಯಿತು. ರಾಯಣ್ಣನೂ ಸೆರೆಸಿಕ್ಕನು. ಸಾಮಾನ್ಯ ಸಿಪಾಯಿಗಳಿಗೆಲ್ಲ ಕ್ಷಮಾದಾನ ಕೊಟ್ಟಾಗ ಆತನನ್ನೂ ಬಿಟ್ಟರು.

ಆತನು ಸಂಗೊಳ್ಳಿಗೆ ಹಿಂತಿರುಗಿದನು. ಇಲ್ಲಿಂದ ಮುಂದಿನ ನಾಲ್ಕೈದು ವರ್ಷಗಳು ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತವೆ. ನಮ್ಮ ಅಭಿಪ್ರಾಯದಲ್ಲಿ ಆತನ ಜೀವನದ ತಿರುವು ಇಲ್ಲಿಯೇ ಇದೆ. ಕುಂಪಣಿಯ ಅಧಿಕಾರಿಗಳು ಹಳೆಯ ಮಾನ್ಯಗಳ ವಿಚಾರಣೆ ಮಾಡತೊಡಗಿದರು. ರಾಯಣ್ಣನ ಮನೆತನದ ಹೊಲದಲ್ಲಿ ಒಂದು ಭಾಗವನ್ನು ಸರಕಾರಕ್ಕೆ ಸೇರಿಸಿಕೊಂಡರು. ಉಳಿದುದಕ್ಕೆ ಭಾರವಾದ ಕಂದಾಯ ಹಾಕಿದರು. ಊರಿನ ಲೆಕ್ಕದವರೊಡನೆ ಜಗಳವಾಯಿತು. ತಾಯಿ ಕೆಂಚವ್ವನನ್ನು ಕಂದಾಯಕ್ಕಾಗಿ ಅವಮಾನಪಡಿಸಿದರೆಂದೂ ಜನಪದರು ಹೇಳುತ್ತಾರೆ. ಇಂಥದು ಸಂಗೊಳ್ಳಿಯೊಂದರಲ್ಲೇ ನಡೆಯಲಿಲ್ಲ. ಕಿತ್ತೂರು ಸೀಮೆಯ ನೂರಾರು ವಾಲಿಕಾರರ ಮನೆಗಳಲ್ಲಿ ಅದೇ ಗೋಳು. ನಿನ್ನೆಯವರೆಗೆ ಊರಿಗೆ ಕಾವಲಾಗಿದ್ದವನು ಇಂದು ಸಾಲಗಾರನಾಗಿ ಚಾವಡಿಯ ಮುಂದೆ ನಿಲ್ಲಬೇಕಾಯಿತು.

೧೮೨೯ರ ಫೆಬ್ರವರಿಯಲ್ಲಿ ಚೆನ್ನಮ್ಮ ರಾಣಿಯು ಸೆರೆಯಲ್ಲಿಯೇ ಕಣ್ಣು ಮುಚ್ಚಿದಳು. ಅದಕ್ಕೆ ಮೊದಲು ರಾಯಣ್ಣನು ವೇಷ ಮರೆಸಿಕೊಂಡು ಬೈಲಹೊಂಗಲಕ್ಕೆ ಹೋಗಿ ರಾಣಿಯನ್ನು ಕಂಡು ಬರುತ್ತಿದ್ದನೆಂದು ಹಾಡುಗಳು ಹೇಳುತ್ತವೆ. ರಾಣಿಯ ಮರಣದ ನಂತರ ಕಿತ್ತೂರಿನ ಹೆಸರು ಹೇಳಲು ಉಳಿದವನು ದತ್ತುಪುತ್ರ ಶಿವಲಿಂಗಪ್ಪನೊಬ್ಬನೇ. ಆತನಿಗೆ ಕೋಟೆಯಿಲ್ಲ, ಬೊಕ್ಕಸವಿಲ್ಲ, ವಯಸ್ಸೂ ಹೆಚ್ಚಿಲ್ಲ. ರಾಯಣ್ಣನು ಆತನ ಹೆಸರಿನಲ್ಲಿಯೇ ದಂಡು ಕಟ್ಟಿದನು.

ತಾನೇ ಅರಸನಾಗುವೆನೆಂದು ರಾಯಣ್ಣನು ಹೊರಡಬಹುದಾಗಿತ್ತು. ಆ ಕಾಲದಲ್ಲಿ ಹಾಗೆ ಹೊರಟವರಿದ್ದರು. ಟಿಪ್ಪೂವಿನ ಪತನದ ನಂತರ ಧೋಂಡಿಯ ವಾಘನು ಸೈನ್ಯ ಕಟ್ಟಿ ದೊಡ್ಡ ದೊಡ್ಡ ಬಿರುದುಗಳನ್ನು ಇಟ್ಟುಕೊಂಡಿದ್ದನು; ೧೮೦೦ರಲ್ಲಿ ವೆಲ್ಲೆಸ್ಲಿಯ ಸೇನೆಯೊಡನೆ ಹೋರಾಡುತ್ತಾ ಸತ್ತನು. ರಾಯಣ್ಣನ ದಾರಿ ಬೇರೆ. ಗದ್ದುಗೆ ದೇಸಾಯಿಯರದು, ತಾನು ಅದರ ಕಾವಲಿನವನು. ಗದ್ದುಗೆ ಉಳಿದರೆ ತನ್ನ ಹೊಲವೂ ತನ್ನಂಥವರ ಹೊಲವೂ ಉಳಿಯುತ್ತದೆ. ಸ್ವಾಮಿನಿಷ್ಠೆ ಎಂಬ ಪದವನ್ನು ನಾವು ಬಾಯಿಪಾಠದಂತೆ ಬಳಸುತ್ತೇವೆ. ರಾಯಣ್ಣನ ಸ್ವಾಮಿನಿಷ್ಠೆಯ ಬೇರು ಮಣ್ಣಿನಲ್ಲಿತ್ತು.

ಆತನ ದಂಡಿನಲ್ಲಿ ಯಾರಿದ್ದರು? ಬಹುಮಟ್ಟಿಗೆ ಹೊಲ ಕಳೆದುಕೊಂಡ ವಾಲಿಕಾರರು, ಕೆಲಸ ಕಳೆದುಕೊಂಡ ಹಳೆಯ ಸಿಪಾಯಿಗಳು, ಬಡ ರೈತರು. ಬಿಚ್ಚುಗತ್ತಿ ಚನ್ನಬಸಪ್ಪನು ಆಪ್ತ ಗೆಳೆಯ. ಗಜವೀರನೆಂಬ ಸಿದ್ದಿ ವೀರನು ಮತ್ತೊಬ್ಬ. ಸಿದ್ದಿಯರು ಆಫ್ರಿಕಾ ಮೂಲದ ಜನ. ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ವಂಶದವರು ಇಂದಿಗೂ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದಾರೆ, ಕನ್ನಡ ಕೊಂಕಣಿ ಮಾತನಾಡುತ್ತಾರೆ. ಹೀಗೆ ಜಾತಿ ಕುಲಗಳನ್ನು ನೋಡದೆ ಜನ ಸೇರಿದರು. ದಂಡಿಗೆ ಸಂಬಳ ಕೊಡಲು ಹಣವೆಲ್ಲಿ? ಸರಕಾರದ ಖಜಾನೆಗಳಿಂದ, ಕುಂಪಣಿಯ ಆಶ್ರಯದಲ್ಲಿ ಕೊಬ್ಬಿದ್ದ ಶ್ರೀಮಂತರಿಂದ.

೧೮೩೦ರ ಜನವರಿಯಲ್ಲಿ ಬೀಡಿ ಎಂಬ ಊರಿನ ಕಚೇರಿ ಹೊತ್ತಿ ಉರಿಯಿತು. ನಂದಗಡದ ಪೇಟೆಯನ್ನು ಲೂಟಿ ಮಾಡಿದರು. ಖಾನಾಪುರ, ಸಂಪಗಾವಿಗಳ ಮೇಲೆ ದಾಳಿಯಾಯಿತು. ರಾಯಣ್ಣನ ಯುದ್ಧದ ರೀತಿಯೇ ಬೇರೆ. ಬಯಲಿನಲ್ಲಿ ಕುಂಪಣಿಯ ಫಿರಂಗಿಗಳನ್ನು ಎದುರಿಸಿದರೆ ಏನಾಗುವುದೆಂಬುದನ್ನು ಆತನು ಕಿತ್ತೂರಿನಲ್ಲಿಯೇ ಕಂಡಿದ್ದನು. ರಾತ್ರಿ ಬಂದು ಹೊಡೆದು, ಬೆಳಗಾಗುವುದರೊಳಗೆ ಕಾಡು ಸೇರುವುದು. ಇಂದು ಇಲ್ಲಿ, ನಾಳೆ ಹತ್ತಾರು ಮೈಲಿಯಾಚೆ. ಖಾನಾಪುರದ ಕಾಡು ಮಳೆಕಾಡು. ನಮ್ಮ ಕಡೆಯ ಜಾಲಿ ಬೋಳುಗುಡ್ಡಗಳನ್ನು ನೋಡಿದ ಮಕ್ಕಳಿಗೆ ಅದರ ಕಲ್ಪನೆ ಸುಲಭವಲ್ಲ. ಹಗಲಿನಲ್ಲಿಯೂ ಕತ್ತಲೆ, ಹತ್ತು ಹೆಜ್ಜೆ ಮುಂದಿರುವವನು ಕಾಣುವುದಿಲ್ಲ. ಕುದುರೆ ಸವಾರರಿಗೂ ಫಿರಂಗಿಗಳಿಗೂ ಅಲ್ಲಿ ದಾರಿಯಿಲ್ಲ. ಆ ಕಾಡಿನ ಕಾಲುದಾರಿಗಳನ್ನು ತಿಳಿದವರು ಆತನ ಕಡೆ ಇದ್ದರು.

ಆತನು ಏನನ್ನು ಸುಟ್ಟನೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಕಚೇರಿಗಳನ್ನು ಸುಟ್ಟನು, ಕಚೇರಿಯ ಕಾಗದಗಳನ್ನು ಸುಟ್ಟನು. ಯಾರ ಹೊಲ ಎಷ್ಟು, ಯಾರ ಬಾಕಿ ಎಷ್ಟು, ಯಾರ ಮಾನ್ಯ ರದ್ದಾಯಿತು ಎಂಬುದೆಲ್ಲ ಆ ಕಾಗದಗಳಲ್ಲಿತ್ತು. ಕುಂಪಣಿಯ ನಿಜವಾದ ಆಯುಧ ಬಂದೂಕಲ್ಲ, ಆ ದಫ್ತರ. ಕಾಗದದ ಮೇಲೆ ಹೋದ ಹೊಲ ಕಾಗದ ಸುಟ್ಟರೆ ಮರಳಿ ಬರುವುದೆಂದು ಆ ವಾಲಿಕಾರರು ನಂಬಿದ್ದರೋ ಏನೋ. ಸಾಹುಕಾರರ ಸಾಲದ ಪತ್ರಗಳಿಗೂ ಅದೇ ಗತಿಯಾಯಿತು.

ಇದರಲ್ಲಿ ನೋವಿನ ಸಂಗತಿಯೂ ಇದೆ. ಲೂಟಿಯಾದ ನಂದಗಡವು ಕನ್ನಡಿಗರದೇ ಊರು. ಅಂಗಡಿ ಕಳೆದುಕೊಂಡವರೆಲ್ಲರೂ ಕುಂಪಣಿಯ ಏಜೆಂಟರಾಗಿರಲಾರರು. ದಂಗೆಯ ಕಾಲದಲ್ಲಿ ನಿರಪರಾಧಿಗೂ ಬೆಂಕಿ ತಗಲುತ್ತದೆ. ಕುಂಪಣಿಯವರು ಇದನ್ನೇ ದೊಡ್ಡದು ಮಾಡಿ ಆತನನ್ನು ದರೋಡೆಕೋರನ ಸಾಲಿಗೆ ಸೇರಿಸಿದರು. ಆದರೆ ದರೋಡೆಕೋರನು ದೋಚಿದ ಹಣದಲ್ಲಿ ಸುಖಪಡುತ್ತಾನೆ; ರಾಯಣ್ಣನು ಮನೆ ಕಟ್ಟಲಿಲ್ಲ, ಹೊಲ ಕೊಳ್ಳಲಿಲ್ಲ. ದರೋಡೆಕೋರನನ್ನು ಹಳ್ಳಿಯವರು ಹಿಡಿದುಕೊಡುತ್ತಾರೆ. ಈತನಿಗೆ ಹಳ್ಳಿ ಹಳ್ಳಿಗಳಲ್ಲಿ ಅನ್ನ ಹಾಕಿದರು. ಒಂದೆರಡು ದಿನಗಳಲ್ಲ, ತಿಂಗಳುಗಟ್ಟಲೆ ಸರಕಾರದ ಸೈನ್ಯಕ್ಕೆ ಆತನು ಸಿಗದೆ ಹೋದುದಕ್ಕೆ ಇದೇ ಕಾರಣ.

ಬಲದಿಂದ ಆಗದ ಕೆಲಸವನ್ನು ಕುಂಪಣಿಯು ಮೋಸದಿಂದ ಮಾಡಿಸಿತು. ಖೋದಾನಪುರದ ಲಿಂಗನಗೌಡ, ನೇಗಿನಹಾಳದ ವೆಂಕನಗೌಡ ಎಂಬ ಸ್ಥಳೀಯ ಮುಖಂಡರು, ಬಹುಮಾನದ ಆಸೆಗೆ ಒಪ್ಪಿದರು. ಅಮಲ್ದಾರ ಕೃಷ್ಣರಾಯನು ಈ ಸಂಚಿನ ಸೂತ್ರಧಾರನು. ತಮ್ಮ ಕಡೆಯ ಕೆಲವರನ್ನು, ಕುಂಪಣಿಯ ಮೇಲೆ ಸಿಟ್ಟಾದವರಂತೆ ನಟಿಸಿ ರಾಯಣ್ಣನ ದಂಡು ಸೇರುವಂತೆ ಮಾಡಿದರು. ರಾಯಣ್ಣನು ನಂಬಿದನು. ನೊಂದು ಬಂದವನನ್ನು ಸೇರಿಸಿಕೊಳ್ಳುವುದೇ ಆ ದಂಡಿನ ನಿಯಮವಾಗಿದ್ದಾಗ, ಹೊಸಬನನ್ನು ಅನುಮಾನಿಸುವುದು ಹೇಗೆ?

೧೮೩೦ರ ಏಪ್ರಿಲ್ ತಿಂಗಳು. ಬಿಸಿಲ ಕಾಲ. ಡೋರಿ ಬೆಣಚಿ ಎಂಬಲ್ಲಿ ಒಂದು ಹಳ್ಳ. ಆಯುಧಗಳನ್ನು ದಡದಲ್ಲಿಟ್ಟು ರಾಯಣ್ಣನು ಸ್ನಾನಕ್ಕೆ ಇಳಿದನು. ಜೊತೆಗಿದ್ದವರೇ ಕತ್ತಿಯನ್ನು ದೂರ ಸರಿಸಿ, ಬರಿಗೈಯಲ್ಲಿದ್ದವನ ಮೇಲೆ ಬಿದ್ದು ಹಿಡಿದು ಕಟ್ಟಿದರು. ಎದುರಾಳಿಯ ಸೈನ್ಯವು ಆತನನ್ನು ಯುದ್ಧದಲ್ಲಿ ಸೋಲಿಸಿತೆಂದು ಕುಂಪಣಿಯೂ ಹೇಳಿಕೊಳ್ಳುವಂತಿಲ್ಲ. ಯಾವ ಬಾಲಕನ ಪಟ್ಟಕ್ಕಾಗಿ ಇಷ್ಟೆಲ್ಲ ನಡೆಯಿತೋ ಆ ಶಿವಲಿಂಗಪ್ಪನೂ ಸರಕಾರದ ವಶವಾದನು.

ಆ ಇಬ್ಬರು ಗೌಡರ ಹೆಸರನ್ನು ಉತ್ತರ ಕರ್ನಾಟಕದ ಹಾಡುಗಾರರು ಇಂದಿಗೂ ಬೈದು ಹಾಡುತ್ತಾರೆ. ನಮಗೆ ಒಂದು ಮಾತು ತೋರುತ್ತದೆ. ದ್ರೋಹ ಮಾಡಿದವರು ಇಬ್ಬರು. ಆದರೆ ಅವರ ಊರುಗಳಿಗೆ ಎರಡು ಶತಮಾನಗಳ ನಂತರವೂ ಅಪವಾದ ಹೊರಿಸುವುದು ನ್ಯಾಯವಲ್ಲ. ಆ ಊರುಗಳಿಂದಲೂ ಕಿತ್ತೂರಿಗಾಗಿ ಹೋರಾಡಿದವರು ಇದ್ದಿರಲೇಬೇಕು.

ವಿಚಾರಣೆ ನಡೆಯಿತು. ಮರಣದಂಡನೆ ವಿಧಿಸಿದರು. ೧೮೩೧ನೆಯ ಜನವರಿ ೨೬ರಂದು ನಂದಗಡದ ಹೊರಗೆ, ಊರಿನಿಂದ ಸ್ವಲ್ಪ ದೂರದ ಒಂದು ಆಲದ ಮರಕ್ಕೆ ಆತನನ್ನು ನೇಣು ಹಾಕಿದರು. ನಂದಗಡದಲ್ಲಿಯೇ ಏಕೆ ಎಂದರೆ, ಆತನು ಎಲ್ಲಿ ಗೆದ್ದಿದ್ದನೋ ಅಲ್ಲಿಯೇ ಜನ ಆತನ ಸಾವನ್ನು ನೋಡಿ ಹೆದರಲೆಂದು ಕುಂಪಣಿಯ ಎಣಿಕೆಯಾಗಿದ್ದಿರಬೇಕು. ಆಗಸ್ಟ್ ಹದಿನೈದರಂದು ಹುಟ್ಟಿ ಜನವರಿ ಇಪ್ಪತ್ತಾರರಂದು ಸತ್ತ ಈ ಮನುಷ್ಯನನ್ನು, ನಾವು ಶಾಲೆಯಲ್ಲಿ ಧ್ವಜ ಏರಿಸುವ ಎರಡು ದಿನಗಳಲ್ಲಿಯೂ ನೆನೆಯುವಂತೆ ಕಾಲವೇ ಏರ್ಪಾಡು ಮಾಡಿದೆ.

ಆತನನ್ನು ಮಣ್ಣು ಮಾಡಿದ ಜಾಗದಲ್ಲಿ ಬಿಚ್ಚುಗತ್ತಿ ಚನ್ನಬಸಪ್ಪನು ಒಂದು ಆಲದ ಸಸಿಯನ್ನು ನೆಟ್ಟನೆಂದು ಹೇಳುತ್ತಾರೆ. ಕುಂಪಣಿಯು ನಿರೀಕ್ಷಿಸಿದಂತೆ ಜನ ಹೆದರಲಿಲ್ಲ. ದತ್ತುಪುತ್ರನ ಹೆಸರಿನಲ್ಲಿ ಕಿತ್ತೂರು ಸೀಮೆಯಲ್ಲಿ ಮತ್ತೆಯೂ ದಂಗೆಗಳು ಎದ್ದವು, ಅಡಗಿದವು. ಗದ್ದುಗೆ ಮಾತ್ರ ಮರಳಿ ಬರಲಿಲ್ಲ.

ರಾಯಣ್ಣನ ಮರಣದ ಹದಿನೈದು ವರ್ಷಗಳ ನಂತರ, ೧೮೪೬ರಲ್ಲಿ, ನಮ್ಮ ದತ್ತಮಂಡಲದಲ್ಲಿಯೇ ಇದೇ ಕಥೆ ಇನ್ನೊಂದು ಸಲ ನಡೆಯಿತು. ಕರ್ನೂಲು ಸೀಮೆಯ ಉಯ್ಯಾಲವಾಡ ನರಸಿಂಹ ರೆಡ್ಡಿಯ ಹೆಸರನ್ನು ನಮ್ಮ ತೆಲುಗು ಗೆಳೆಯರೆಲ್ಲ ಬಲ್ಲರು. ಆತನು ಪಾಳೆಯಗಾರರ ವಂಶದವನು. ಮನೆತನಕ್ಕೆ ಬರಬೇಕಾದ ಪಿಂಚಣಿಯ ಪಾಲನ್ನು ಕುಂಪಣಿ ನಿಲ್ಲಿಸಿತು. ಆತನು ದಂಗೆಯೆದ್ದಾಗ ಮೊದಲು ಓಡಿಬಂದು ಸೇರಿದವರು ಯಾರೆಂದರೆ ಕಟ್ಟುಬಡಿಗಳು, ಮಾನ್ಯದ ಹೊಲ ಕಳೆದುಕೊಂಡ ಹಳ್ಳಿಯ ಕಾವಲಿನವರು. ೧೮೪೭ರ ಫೆಬ್ರವರಿ ೨೨ರಂದು ಕೋವೆಲಕುಂಟ್ಲದಲ್ಲಿ ಆತನನ್ನು ಗಲ್ಲಿಗೇರಿಸಿದರು. ಆತನ ತಲೆಯನ್ನು ೧೮೭೭ರವರೆಗೆ ಕೋಟೆಯ ಗೋಡೆಯ ಮೇಲೆ ತೂಗುಹಾಕಿದ್ದರು. ಸಂಗೊಳ್ಳಿಯ ವಾಲಿಕಾರನಿಗೂ ಕೋವೆಲಕುಂಟ್ಲದ ಕಟ್ಟುಬಡಿಗೂ ಪರಿಚಯವಿರಲಿಲ್ಲ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬರುತ್ತಿರಲಿಲ್ಲ. ಹೊಲ ಹೋದ ದುಃಖ ಇಬ್ಬರಿಗೂ ಒಂದೇ. ಎರಡು ಭಾಷೆಗಳ ನಡುವೆ ಬದುಕುವ ನಮ್ಮ ಮಕ್ಕಳು ಈ ಇಬ್ಬರ ಕಥೆಗಳನ್ನೂ ಜೊತೆಯಲ್ಲಿಟ್ಟು ಓದಿದರೆ ಒಂದರ ಬೆಳಕಿನಲ್ಲಿ ಇನ್ನೊಂದು ಹೆಚ್ಚು ಸ್ಪಷ್ಟವಾಗುತ್ತದೆ.

ರಾಯಣ್ಣನ ಬಗ್ಗೆ ಬಹುಕಾಲದವರೆಗೆ ಬರೆದಿಟ್ಟವರೆಂದರೆ ಆತನ ಶತ್ರುಗಳು ಮಾತ್ರ. ಅವರ ಬರಹದಲ್ಲಿ ಆತನು ದಂಗೆಕೋರ ರಾಯಪ್ಪ. ಇನ್ನೊಂದು ಕಡೆ, ಅಕ್ಷರ ಬಾರದ ಲಾವಣಿಕಾರರು, ಗೀಗೀ ಮೇಳದವರು, ಬೀಸುವ ಕಲ್ಲಿನ ಮುಂದೆ ಕುಳಿತ ಹೆಂಗಸರು ಆತನನ್ನು ಹಾಡಿನಲ್ಲಿ ಕಾಪಾಡಿದರು. ಕುಂಪಣಿಯ ಕಾಗದಗಳಿಂದ ತಾರೀಖುಗಳು ಸಿಗುತ್ತವೆ. ತಾಯಿಯ ಹೆಸರು, ಗೆಳೆಯರ ಹೆಸರು, ಜನರ ಪ್ರೀತಿ, ಇವು ಹಾಡಿನಿಂದ ಸಿಗುತ್ತವೆ. ಹಾಡಿನಲ್ಲಿ ಉತ್ಪ್ರೇಕ್ಷೆಯೂ ಉಂಟು, ಅದನ್ನು ಹಾಡೆಂದೇ ಕೇಳಬೇಕು. ಎರಡನ್ನೂ ಕೂಡಿಸಿಯೇ ಈ ಲೇಖನವನ್ನು ಬರೆದಿದ್ದೇವೆ.

ಶೈಕ್ಷಣಿಕ ಪ್ರವಾಸಕ್ಕೆ ಉತ್ತರ ಕರ್ನಾಟಕದ ಕಡೆ ಹೋಗುವವರು ಬಾದಾಮಿ, ಐಹೊಳೆಗಳನ್ನು ನೋಡಿಕೊಂಡು ಬರುವುದು ರೂಢಿ. ಒಂದು ದಿನ ಹೆಚ್ಚು ಮಾಡಿಕೊಂಡರೆ ಕಿತ್ತೂರಿನ ಹಾಳುಬಿದ್ದ ಕೋಟೆಯನ್ನೂ, ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯನ್ನೂ, ಸಂಗೊಳ್ಳಿಯನ್ನೂ ನೋಡಬಹುದು. ಅಲ್ಲಿಂದ ಪಶ್ಚಿಮಕ್ಕೆ, ಖಾನಾಪುರ ತಾಲ್ಲೂಕಿನಲ್ಲಿ ನಂದಗಡವಿದೆ. ಅಲ್ಲಿ ಆಲದ ಮರದ ಕೊಂಬೆಗಳಿಗೆ ಚಿಕ್ಕ ಚಿಕ್ಕ ಮರದ ತೊಟ್ಟಿಲುಗಳನ್ನು ಕಟ್ಟಿರುವುದು ಕಾಣುತ್ತದೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ರಾಯಣ್ಣನಂಥ ಮಗ ಹುಟ್ಟಲೆಂದು ಹರಕೆ ಹೊತ್ತು ಅವನ್ನು ಅಲ್ಲಿ ಕಟ್ಟಿ ಹೋಗುತ್ತಾರೆ.